ಕಟಿಂಗ್ ಮಾಸ್ಟರನ ಕೈನಡುಕ

ಕುಡಿದರೆ ಕಟಿಂಗ್ ಮಾಸ್ಟರನ ಕೈ ನಡುಗುವುದಿಲ್ಲ ಎಂದು ಆ ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ನಂಬಿದ್ದರು. ನಡುಕ ತಂದದ್ದೇ ಕುಡಿತ ಎಂದು ಯೋಚಿಸುವಷ್ಟು ಬುದ್ಧಿಯನ್ನು ಯಾರೂ ಖರ್ಚು ಮಾಡಲಿಲ್ಲ. ಬೆಳಿಗ್ಗೆ ಅವನು ಸೀಮೆಸುಣ್ಣ ಹಿಡಿದರೆ ಬಟ್ಟೆಯ ಮೇಲೆ ಗೆರೆ ಸೊಟ್ಟಸೊಟ್ಟ ಹರಿಯುತ್ತಿತ್ತು. ಮಾಲೀಕ ದಾರದ ಉಂಡೆಗಳ ಕಪಾಟಿನಿಂದ ಬಾಟಲಿ ತೆಗೆದು, “ಮಾಸ್ಟ್ರಿಗೆ ಎಣ್ಣೆ ಬಿಡ್ರಪ್ಪಾ, ಕೀಲು ಹಿಡ್ಕೊಂಡಿದೆ” ಎನ್ನುತ್ತಿದ್ದ. ಟೈಲರುಗಳು ನಗುತ್ತಿದ್ದರು. ಒಂದು ಲೋಟ ಇಳಿದ ಮೇಲೆ ಕತ್ತರಿ ಸರಸರನೆ ಓಡುತ್ತಿತ್ತು.

ಆ ಬೀದಿಗೆ ಇದು ಸುದ್ದಿಯೇ ಅಲ್ಲ. ಇಸ್ತ್ರಿಯವನು ಕುಡಿಯುತ್ತಿದ್ದ, ಶಾಲಾ ವ್ಯಾನಿನ ಡ್ರೈವರ್ ಕುಡಿಯುತ್ತಿದ್ದ, ಔಷಧಿ ಅಂಗಡಿಯವನು ಚೀಟಿ ಕೇಳದೆ ನಿದ್ರೆ ಮಾತ್ರೆ ಮಾರುತ್ತಿದ್ದ. ಕುಡಿಯದವನ ಮೇಲೆಯೇ ಅಲ್ಲಿ ಅನುಮಾನ.

ಮಾಸ್ಟರ್ ರಕ್ತ ಕಾರಿಕೊಂಡ ದಿನ, ಅದೇ ಅಂಗಡಿಯಲ್ಲಿ ಗುಂಡಿತೂತಿಗೆ ಕಾಜಾ ಹೊಲಿಯುತ್ತಿದ್ದ ಹೆಂಡತಿ ಅವನನ್ನು ಆಸ್ಪತ್ರೆಗೆ ಸೇರಿಸಿದಳು. ಮಾಲೀಕನೂ ಜೊತೆಗಿದ್ದ. “ಲಿವರ್ ಹಾಳಾಗಿದೆ. ಇನ್ನು ಮುಟ್ಟಿದರೆ ಉಳಿಯಲ್ಲ. ಕೈನಡುಕ ಸ್ವಲ್ಪ ದಿನ ಇರುತ್ತೆ, ತಾನಾಗೇ ಹೋಗುತ್ತೆ” ಎಂದರು ಡಾಕ್ಟರು.

ಅವನು ಬಿಟ್ಟ. ಹಸಿವು ಮರಳಿತು, ಮುಖಕ್ಕೆ ಬಣ್ಣ ಬಂತು. ನಡುಕ ಮಾತ್ರ ಇನ್ನೂ ಇತ್ತು, ಇತ್ತ ಅಂಗಡಿಯಲ್ಲಿ ಶಾಲಾ ಸಮವಸ್ತ್ರದ ಆರ್ಡರ್ ಬಂದು ಬಟ್ಟೆ ರಾಶಿ ಬಿದ್ದಿತ್ತು. ಪದರದ ಮೇಲೆ ಪದರ ಹಾಸಿ ಒಟ್ಟಿಗೆ ಕತ್ತರಿಸುವ ಬಟ್ಟೆ; ಕೈ ಒಮ್ಮೆ ಜಾರಿದರೆ ಅಷ್ಟೂ ಅಂಗಿ ಹಾಳು. ಹೆಂಡತಿ ಕತ್ತರಿ ತೆಗೆದುಕೊಂಡಳು. ಅವನು ಅಳತೆ ಹೇಳಿದ, ಅವಳು ಕತ್ತರಿಸಿದಳು. ನಿಧಾನ, ಆದರೆ ಸರಿಯಾಗಿ.

“ತಂಗೀ, ನಿನ್ನ ವೇಗಕ್ಕೆ ಆ ಮಕ್ಕಳು ಶಾಲೆ ಮುಗಿಸಿ ಮದುವೆನೂ ಆಗಿರ್ತಾವೆ” ಎಂದ ಮಾಲೀಕ.

“ಮಾಸ್ಟ್ರು ಈಗ ಬರೀ ಬಾಯಲ್ಲೇ ಕತ್ತರಿಸ್ತಾರೆ” ಎಂದ ಒಬ್ಬ ಟೈಲರ್. ಮಾಸ್ಟರ್ ತಲೆ ತಗ್ಗಿಸಿದ.

ಅವಳು ಮಾತ್ರೆ ತರಲು ಆಸ್ಪತ್ರೆಗೆ ಹೋದಾಗ ಮಾಲೀಕ ಟೀಗೆ ಸಾರಾಯಿ ಬೆರೆಸಿ ಕೊಟ್ಟ. ಮೊದಲ ಗುಟುಕಿಗೇ ಮಾಸ್ಟರಿಗೆ ಗೊತ್ತಾಯಿತು. ಲೋಟ ಕೆಳಗಿಟ್ಟ. ಕೆಲಸವಿಲ್ಲದೆ ಕೂತ ಟೈಲರುಗಳನ್ನು ನೋಡಿದ. ಮತ್ತೆ ಎತ್ತಿಕೊಂಡ. ಆ ಎರಡನೆಯ ಸಲ ಯಾರೂ ಅವನ ಕೈ ಹಿಡಿದು ಎತ್ತಿಸಲಿಲ್ಲ. ಅವನನ್ನು ಬರೀ ಬಲಿಪಶು ಎನ್ನುವವರು ಇದನ್ನು ಮರೆಯಬಾರದು.

ಅವಳು ಮರಳಿದಾಗ ಅವನೇ ಕತ್ತರಿಸುತ್ತಿದ್ದ. “ನೋಡೇ, ಒಂದು ಗೆರೆನೂ ತಪ್ಪಿಲ್ಲ” ಎಂದ. ಬಾಯಿ ನಾರುತ್ತಿತ್ತು.

ಅವಳು ಮಾಲೀಕನ ಕಡೆ ತಿರುಗಿದಳು. “ಅಣ್ಣಾ, ಡಾಕ್ಟ್ರು ಹೇಳಿದ್ದು ನಿಮ್ಮೆದುರಿಗೇ ತಾನೆ?”

“ಟೀಗೆ ಬೆರೆಸಿದ ಒಂದು ಗುಟುಕಿಗೆ ಯಾರೂ ಸಾಯಲ್ಲ ಬಿಡು. ಈ ಆರ್ಡರ್ ಒಂದು ಮುಗೀಲಿ.”

ಆರ್ಡರ್ ಮುಗಿಯಿತು. ಗುಟುಕು ಮುಗಿಯಲಿಲ್ಲ. ಮಕ್ಕಳು ಹೊಸ ಅಂಗಿ ತೊಟ್ಟು ಮೊದಲ ಪರೀಕ್ಷೆ ಬರೆಯುವ ಮುಂಚೆಯೇ ಮಾಸ್ಟರ್ ಹೊಟ್ಟೆ ಊದಿಕೊಂಡು ಸತ್ತ.

ಹೆಣದ ಪಕ್ಕ ನಿಂತು ಮಾಲೀಕ ನಿಟ್ಟುಸಿರು ಬಿಟ್ಟ. “ಎಲ್ಲಾ ಹಣೆಬರಹ, ತಂಗೀ.”

“ಬೆರೆಸಿದ್ದು ನೀವು, ಕುಡಿದಿದ್ದು ಇವರು. ಹಣೆಬರಹಾನ ಯಾಕೆ ಮಧ್ಯ ಎಳೀತೀರಿ?” ಎಂದಳು ಅವಳು.

ಸಾವಿನ ಮನೆಯಲ್ಲಿ ಹೆಂಗಸು ಮರ್ಯಾದೆ ಬಿಟ್ಟು ಮಾತಾಡಿದಳೆಂದು ಮಾಲೀಕ ಬೀದಿಯೆಲ್ಲ ಹೇಳಿಕೊಂಡು ತಿರುಗಿದ. ಬೀದಿಯೂ ಹೌದೆಂದಿತು.