ಟಿನ್ ಫ್ಯಾಕ್ಟರಿ ಜಾಮಿನಲ್ಲಿ ಡಬಲ್ ಬೂಸ್ಟು

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಕೆ.ಆರ್. ಪುರದ ತೂಗುಸೇತುವೆಯ ಮೇಲೆ ನನ್ನ ಅಕ್ಕನ ಕಾರು ಸೀನಿತು. ಪಕ್ಕದಲ್ಲಿದ್ದ ಸ್ಕೂಟರಿನವನು ಬೆಚ್ಚಿಬಿದ್ದು, ತನ್ನ ಟೈರು ಪಂಚರ್ ಆಯ್ತೇನೋ ಅಂತ ಬಗ್ಗಿ ನೋಡಿದ. ಅವನ ಟೈರು ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ನಮ್ಮ ಕಾರಿನೊಳಗಿನ ವಾತಾವರಣ.

ಕಾರಿನಲ್ಲಿ ನಾವು ನಾಲ್ಕು ಜನ. ಸ್ಟಿಯರಿಂಗ್ ಹಿಡಿದವಳು ನನ್ನ ಅಕ್ಕ ವಿಮಲ, ಹಲಸೂರಿನಲ್ಲಿ ಕ್ಲಿನಿಕ್ ಇಟ್ಟಿರುವ ಹಲ್ಲಿನ ಡಾಕ್ಟರು. ಪಕ್ಕದಲ್ಲಿ ಅವಳ ಗಂಡ ಶ್ರೀಧರ ಭಾವ, ಕೈಕಟ್ಟಿಕೊಂಡು, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು. ಹಿಂದಿನ ಸೀಟಿನಲ್ಲಿ ನಾನು. ನನ್ನ ಪಕ್ಕ ಶಿವಾಜಿನಗರದ ಮೆಕ್ಯಾನಿಕ್ ರಿಯಾಜ್ ಭಾಯ್, ತೊಡೆಯ ಮೇಲೆ ಎಂಜಿನ್ ತಣಿಸುವ ಹಸಿರು ನೀರಿನ, ಅಂದರೆ ಕೂಲೆಂಟಿನ, ಕ್ಯಾನ್ ಇಟ್ಟುಕೊಂಡು. ಆ ಕಾರು ಮನೆಯಲ್ಲಿ ಉಳಿಯುತ್ತಾ, ಹೋಗುತ್ತಾ ಅನ್ನೋದು ಅವತ್ತೇ ತೀರ್ಮಾನ ಆಗಬೇಕಿತ್ತು.

ಮೊದಲಿಂದ ಹೇಳ್ತೀನಿ.

ಅಕ್ಕನದು ಹಳೇ ಪೆಟ್ರೋಲ್ ಕಾರು, ಚಿಕ್ಕದು. ಕಂಪನಿಯಿಂದಲೇ ಟರ್ಬೊ ಹಾಕಿಸಿಕೊಂಡು ಬಂದದ್ದು. ಟರ್ಬೊ ಅಂದರೇನು ಅಂತ ಕೇಳ್ತೀರಾ? ಎಂಜಿನ್ ಬಿಡುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಫ್ಯಾನು ತಿರುಗುತ್ತೆ. ಅದು ಹೊರಗಿನ ಗಾಳಿಯನ್ನು ಎಂಜಿನ್ ಒಳಕ್ಕೆ ಒತ್ತಿ ತುಂಬುತ್ತೆ, ಆ ಒತ್ತಡಕ್ಕೇ ಬೂಸ್ಟು ಅನ್ನೋದು. ಕಾರು ಹಾರುತ್ತೆ. ತಕರಾರು ಒಂದೇ, ಹೊಗೆ ಜೋರಾಗುವ ತನಕ ಫ್ಯಾನು ಏಳೋದಿಲ್ಲ. ಸಿಗ್ನಲ್ ಹಸಿರಾಗಿ, ನೀವು ಆಕ್ಸಿಲರೇಟರ್ ತುಳಿದು, ಟರ್ಬೊ ಆಕಳಿಸಿ ಎದ್ದು ಕೂರುವಷ್ಟರಲ್ಲಿ ಹಿಂದಿನವನು ನಿಮ್ಮ ವಂಶವನ್ನೆಲ್ಲ ನೆನೆಸಿಕೊಂಡು ಮುಂದೆ ಹೋಗಿರ್ತಾನೆ. (ನಿಮಗೂ ಆಗಿರುತ್ತೆ. ಟರ್ಬೊ ಇಲ್ಲದೆಯೂ.)

ಈ ಆಕಳಿಕೆಯನ್ನು ಸಹಿಸೋಕೆ ಅಕ್ಕನಿಗೆ ಆಗಲಿಲ್ಲ. ಇದಕ್ಕೆ ಔಷಧಿ ಸೂಪರ್‌ಚಾರ್ಜರ್ ಅಂತ ಅವಳಿಗೆ ಹೇಳಿಕೊಟ್ಟದ್ದು ಇಂಟರ್ನೆಟ್ಟು. ಅದೂ ಗಾಳಿ ತುಂಬುವ ಯಂತ್ರವೇ, ಆದರೆ ಹೊಗೆಗೆ ಕಾಯೋದಿಲ್ಲ. ಎಂಜಿನ್ನಿಗೇ ಬೆಲ್ಟ್ ಹಾಕಿ ತಿರುಗಿಸ್ತಾರೆ, ಕಾಲಿಟ್ಟ ಕ್ಷಣದಿಂದ ತಳ್ಳುತ್ತೆ. ಎರಡನ್ನೂ ಒಂದೇ ಕಾರಿಗೆ ಹಾಕಿದರೆ? ಶುರುವಿಗೆ ಸೂಪರ್‌ಚಾರ್ಜರ್, ಓಟ ಹಿಡಿದ ಮೇಲೆ ಟರ್ಬೊ. ರೇಸ್ ಕಾರುಗಳಿಗೆ ಮಾಡುವ ಕೆಲಸ. ಅಕ್ಕ ಇದನ್ನು ಮಾಡಿಸಿದ್ದು ಕಾಕ್ಸ್ ಟೌನಿನ ಮನೆಯಿಂದ ಹಲಸೂರಿನ ಕ್ಲಿನಿಕ್ಕಿಗೆ ಹೋಗೋಕೆ. ಆ ದಾರಿಯಲ್ಲಿ ಯಾರಾದರೂ ಮೂರನೇ ಗೇರ್ ಹಾಕಿದ್ದನ್ನು ನಾನಂತೂ ನೋಡಿಲ್ಲ.

ನಗಬೇಡಿ. ಸಮುದ್ರದಾಳದಲ್ಲೂ ಕೆಡದ ವಾಚ್ ಕೊಂಡು, ಕೈ ತೊಳೆಯುವಾಗ ಬಿಚ್ಚಿಡುವ ಜನ ನಾವು. ಹಿಮಾಲಯ ಹತ್ತುವ ಗಾಡಿ ತಗೊಂಡು ಇಂದಿರಾನಗರದ ಹಂಪ್ ಹತ್ತಿಸ್ತೀವಿ. ಆಸೆಗೂ ಅಗತ್ಯಕ್ಕೂ ಯಾವತ್ತಾದರೂ ಪರಿಚಯ ಇತ್ತಾ?

ರಿಯಾಜ್ ಭಾಯ್ ಗುಜರಿಯಲ್ಲಿ ಹುಡುಕಾಡಿ, ಯಾವುದೋ ಫಾರಿನ್ ಕಾರಿನ ಸೂಪರ್‌ಚಾರ್ಜರ್ ತಂದರು. ತಿಂಗಳುಗಟ್ಟಲೆ ಕಾರು ಅವರ ಗ್ಯಾರೇಜಿನಲ್ಲಿ ಬಾಯಿ ತೆರೆದುಕೊಂಡು ನಿಂತಿತ್ತು. ಅಕ್ಕ ಕ್ಲಿನಿಕ್ ಮುಗಿಸಿ ನೇರ ಅಲ್ಲಿಗೆ ಹೋಗಿ, ಹಲ್ಲು ನೋಡುವ ಲೈಟನ್ನೇ ಹಣೆಗೆ ಕಟ್ಟಿಕೊಂಡು ಎಂಜಿನ್ ಒಳಗೆ ಬಗ್ಗುತ್ತಿದ್ದಳು. ಒಂದು ಪೈಪ್ ಯಾವ ಕಡೆ ತಿರುಗಬೇಕು ಅನ್ನೋ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟಿದ್ದರಂತೆ. ರಂಜಾನ್ ಹಬ್ಬಕ್ಕೆ ರಿಯಾಜ್ ಭಾಯ್ ಮನೆಯಿಂದ ಶೀರ್ ಖುರ್ಮಾ ಪಾಯಸ ಬಂದ ಮೇಲೆ ರಾಜಿಯಾಯಿತು. (ಆರ್‌ಟಿಒ ಒಪ್ಪಿಗೆ ತಗೊಂಡಿದ್ರಾ ಅಂತ ನನ್ನನ್ನು ಕೇಳಬೇಡಿ. ಧೈರ್ಯ ಇದ್ದರೆ ಅಕ್ಕನನ್ನೇ ಕೇಳಿ.)

ಭಾವನಿಗೆ ಮಾತ್ರ ಇದರಲ್ಲಿ ತಮಾಷೆ ಏನೂ ಕಾಣಲಿಲ್ಲ. ಅವರು ಇನ್ಶೂರೆನ್ಸ್ ಸರ್ವೇಯರ್. ಆಕ್ಸಿಡೆಂಟ್ ಆದ ಗಾಡಿಗಳನ್ನು ಹೋಗಿ ನೋಡಿ, ಎಷ್ಟು ಹಾಳಾಗಿದೆ, ಯಾಕೆ ಹಾಳಾಗಿದೆ ಅಂತ ಹೇಳೋದೇ ಅವರ ಉದ್ಯೋಗ. ಹಗಲೆಲ್ಲ ಮುದ್ದೆಯಾದ ಬಾನೆಟ್ಟು, ಸೀಟಿನ ಕೆಳಗೆ ಉಳಿದ ಒಂಟಿ ಚಪ್ಪಲಿ. ಸಂಜೆ ಮನೆಗೆ ಬಂದರೆ ಹೆಂಡತಿಯ ಬಾಯಲ್ಲಿ ಬೂಸ್ಟು, ಟಾರ್ಕು. ಅವರು ಬೇಡ ಅಂದರು, ಬೇಡಿಕೊಂಡರು, ಕೂಗಾಡಿದರು. ಕೊನೆಗೆ ಮಾರತ್ತಹಳ್ಳಿಯ ಒಬ್ಬ ಗಿರಾಕಿಯನ್ನು ಹುಡುಕಿ, ಸೋಮವಾರ ಬಂದು ಕಾರು ನೋಡಿ ಅಂದುಬಿಟ್ಟರು.

ಅಕ್ಕ ಅವರ ಜೊತೆ ಊಟಕ್ಕೆ ಕೂರೋದನ್ನು ನಿಲ್ಲಿಸಿದಳು. ಆಮೇಲೆ ಒಂದು ಷರತ್ತು ಹಾಕಿದಳು. ಒಂದೇ ಒಂದು ಸಲ ಪಕ್ಕದಲ್ಲಿ ಕೂತು ಹೊಸಕೋಟೆ ರೋಡಿನವರೆಗೆ ಬರಬೇಕು. ಆಮೇಲೂ ಮಾರಬೇಕು ಅನ್ನಿಸಿದರೆ ಕೀ ಅವಳೇ ಕೊಡ್ತಾಳೆ.

ಸಾಕ್ಷಿಗೆ ನಾನು, ಆಪತ್ತಿಗೆ ರಿಯಾಜ್ ಭಾಯ್.

ಭಾನುವಾರ ರೋಡು ಖಾಲಿ ಇರುತ್ತೆ ಅಂತ ನಾವು ಲೆಕ್ಕ ಹಾಕಿದ್ದೆವು. ಇಡೀ ಬೆಂಗಳೂರು ಅದೇ ಲೆಕ್ಕ ಹಾಕಿ ಹೊರಟಿತ್ತು. ಟಿನ್ ಫ್ಯಾಕ್ಟರಿ ಹತ್ತಿರ ನಿಂತ ಕಾರು ನಿಂತೇ ಇತ್ತು. ಈ ಜೋಡಿ ಯಂತ್ರಗಳು ಒತ್ತುವ ಗಾಳಿ ಕೆಂಡದಂಥ ಬಿಸಿ. ಅದು ತಣ್ಣಗಾಗೋಕೆ ಎದುರುಗಾಳಿ ಬೇಕು, ಎದುರುಗಾಳಿಗೆ ಕಾರು ಓಡಬೇಕು. ಟೆಂಪರೇಚರ್ ಮುಳ್ಳು ಮೇಲಕ್ಕೇರಿತು. ಅಕ್ಕ ಎಸಿ ಆಫ್ ಮಾಡಿ ಹೀಟರ್ ಹಾಕಿದಳು. ಎಂಜಿನ್ನಿನ ಬಿಸಿಯನ್ನು ನಮ್ಮ ಕಡೆ ತಿರುಗಿಸುವ ಉಪಾಯವಂತೆ. ಬೇಸಿಗೆಯಲ್ಲಿ ಹೀಟರ್ ಹಾಕಿಕೊಂಡು ನಾಲ್ಕು ಜನ ಇಡ್ಲಿ ಥರ ಬೇಯುತ್ತಿದ್ದೆವು. ಸೌತೆಕಾಯಿ ಮಾರುವವನೊಬ್ಬ ಗಾಡಿ ತಳ್ಳಿಕೊಂಡು ನಮ್ಮನ್ನು ಓವರ್‌ಟೇಕ್ ಮಾಡಿದ. ಭಾವ ಅವನನ್ನು ನೋಡಿದರು, ಅಕ್ಕನನ್ನು ನೋಡಿದರು, ಏನೂ ಹೇಳಲಿಲ್ಲ. ಗೆಲ್ಲುತ್ತಿರುವವರು ಯಾಕೆ ಮಾತಾಡ್ತಾರೆ?

ಸೇತುವೆಯ ಮೇಲೆ ಒಂಚೂರು ಜಾಗ ಸಿಕ್ಕಿತು. ಅಕ್ಕ ಆಕ್ಸಿಲರೇಟರ್ ಒತ್ತಿ, ತಕ್ಷಣ ಕಾಲು ತೆಗೆದಳು. ಆಗಲೇ ಕಾರು ಸೀನಿದ್ದು. ತುಂಬಿಕೊಂಡ ಗಾಳಿ ಒಳಗೆ ಹೋಗೋಕಾಗದೆ ವಾಲ್ವ್ ತಳ್ಳಿ ಹೊರಬಂದ ಸದ್ದು.

ಊರು ದಾಟಿದ ಮೇಲೆ ರೋಡು ಬಿಚ್ಚಿಕೊಂಡಿತು. ಅಕ್ಕ ಕನ್ನಡಿ ನೋಡಿದಳು. ಮತ್ತೊಮ್ಮೆ ನೋಡಿದಳು. ಮುಂದಿನ ಲಾರಿ ಸಾಕಷ್ಟು ದೂರ ಹೋಗೋವರೆಗೆ ಕಾದಳು. ಆಮೇಲೆ ಕಾಲಿಟ್ಟಳು.

ನನ್ನ ತಲೆ ಸೀಟಿಗೆ ಅಂಟಿಕೊಂಡಿತು. ಮೊದಲು ಬೆಲ್ಟಿನ ಕೀರಲು ದನಿ, ಅದರೊಳಗಿಂದಲೇ ಟರ್ಬೊದ ಶಿಳ್ಳೆ, ನಡುವೆ ಒಂದಿಷ್ಟೂ ಬಿಡುವಿಲ್ಲ. ರಿಯಾಜ್ ಭಾಯ್ ಕಣ್ಣು ಮುಚ್ಚಿ ಕೇಳುತ್ತಿದ್ದರು. ಆ ರೋಡಿನ ಸ್ಪೀಡ್ ಲಿಮಿಟ್ ಮುಟ್ಟುತ್ತಿದ್ದ ಹಾಗೇ ಅಕ್ಕ ಕಾಲು ತೆಗೆದಳು. ಅಷ್ಟೇ. ಮುಗೀತು.

ಭಾವ ಮೀಟರ್ ನೋಡುತ್ತಿರಲಿಲ್ಲ. ಅಕ್ಕನ ಕೈಗಳನ್ನು ನೋಡುತ್ತಿದ್ದರು. ಜನರ ಬಾಯೊಳಗೆ ಡ್ರಿಲ್ ಹಿಡಿದು ಪಳಗಿದ ಕೈ, ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಮೆಲ್ಲಗೆ ಅಂದರು, "ನಾನು ಗಾಡಿಗಳನ್ನ ಯಾವಾಗ್ಲೂ ಆಕ್ಸಿಡೆಂಟ್ ಆದ್ಮೇಲೇ ನೋಡಿದ್ದು, ವಿಮಲ. ನೀನೂ ಒಂದಿನ ಹಾಗೇ ಸಿಗ್ತೀಯೇನೋ ಅಂತ ಹೆದರಿಬಿಟ್ಟಿದ್ದೆ."

ಅಕ್ಕ ಗೇರ್ ಬದಲಿಸಿದಳು. ಕಣ್ಣು ರೋಡಿನ ಮೇಲೇ ಇತ್ತು. ಮೂಗು ಕೆಂಪಾಗಿತ್ತು.

ಇಲ್ಲಿಗೆ ಮುಗಿದಿದ್ದರೆ ಇದು ಕಾರಿನ ಜಾಹೀರಾತಾಗಿರುತ್ತಿತ್ತು. ಹೊಸಕೋಟೆ ಹತ್ತಿರ ಯು-ಟರ್ನ್ ಹೊಡೆದು ಸ್ವಲ್ಪ ದೂರ ಬಂದಿದ್ದೆವು, ಟಪ್ ಅಂತು. ಬಾನೆಟ್ ಎತ್ತಿದರೆ ಸೂಪರ್‌ಚಾರ್ಜರಿನ ಬೆಲ್ಟು ತುಂಡಾಗಿ, ಹೋಗುವಾಗ ರೇಡಿಯೇಟರ್ ಪೈಪನ್ನೂ ಹರಿದುಹಾಕಿತ್ತು. "ಪಟ್ಟಾ ಗಯಾ, ಬೆಲ್ಟ್ ಹೋಯ್ತು ಡಾಕ್ಟರ್ ಮೇಡಂ" ಅಂದರು ರಿಯಾಜ್ ಭಾಯ್, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ಅಕ್ಕ ರೋಡಿನ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟಳು. ಅಷ್ಟು ತಿಂಗಳ ಆಸೆ ಟಾರಿನ ಮೇಲೆ ಹಸಿರು ನೀರಾಗಿ ಹರಿಯುತ್ತಿತ್ತು. "ಸಾಕು ಕಣ್ರೀ. ನಾಳೆ ಅವ್ನು ಬಂದ್ರೆ ಕೊಟ್ಬಿಡಿ" ಅಂದಳು.

ಭಾವ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಹರಿದ ಬೆಲ್ಟನ್ನು ಬೆರಳಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಹಾಳಾದದ್ದನ್ನು ಓದುವುದೇ ಅವರ ಕಸುಬಲ್ಲವೇ? ಒಂದೇ ಅಂಚು ಸವೆದಿದೆ, ಬೆಲ್ಟ್ ಸುತ್ತುವ ಚಕ್ರ, ಆ ಪುಲ್ಲಿ, ಒಂಚೂರು ವಾಲಿರಬೇಕು ಅಂದರು. ರಿಯಾಜ್ ಭಾಯ್ ಸಾಧ್ಯವೇ ಇಲ್ಲ ಅಂದರು. ಅಕ್ಕ ಕೂತಲ್ಲಿಂದಲೇ, ವಾಲಿಲ್ಲ, ತಾನೇ ಅಳತೆ ಹಿಡಿದಿದ್ದೇನೆ ಅಂದಳು. ಆಮೇಲೆ ಎದ್ದು ಬಂದಳು. ಟೋಯಿಂಗ್ ಗಾಡಿ ಬರುವಷ್ಟರಲ್ಲಿ ಮೂರು ತಲೆಗಳೂ ಬಾನೆಟ್ ಒಳಗಿದ್ದವು, ಮೂರೂ ಒಟ್ಟಿಗೆ ಜಗಳವಾಡುತ್ತಿದ್ದವು. ನಾನೊಬ್ಬನೇ ಬಿಸಿಲಲ್ಲಿ ನಿಂತು ಲಾರಿ ಎಣಿಸುತ್ತಿದ್ದೆ.

ಪುಲ್ಲಿ ನಿಜಕ್ಕೂ ವಾಲಿತ್ತು. ಸೋಮವಾರ ಬಂದ ಗಿರಾಕಿಗೆ ಭಾವ ಗೇಟಿನಲ್ಲೇ ಕಾಫಿ ಕೊಟ್ಟು, ಕಾರು ಮಾರಾಟಕ್ಕಿಲ್ಲ ಅಂತ ಹೇಳಿ, ಟರ್ಬೊಗೂ ಸೂಪರ್‌ಚಾರ್ಜರಿಗೂ ಇರುವ ವ್ಯತ್ಯಾಸ ವಿವರಿಸಿ ಕಳಿಸಿದರಂತೆ. ಪಾಪ, ಅವನು ಕೇಳಿರಲೂ ಇಲ್ಲ.

ಈಗ ಹೊಸ ಬೆಲ್ಟು ಬಂದಿದೆ, ಕಾರು ಸರಿಹೋಗಿದೆ. ಟ್ರಾಫಿಕ್ಕಿನಲ್ಲಿ ಎಷ್ಟು ಬಿಸಿಯಾಗುತ್ತೆ ಅಂತ ಟೆಸ್ಟ್ ಮಾಡಬೇಕು ಅಂತ ಭಾವ ದಿನಾ ಬೆಳಿಗ್ಗೆ ಅದನ್ನು ತಗೊಂಡು ಹೋಗ್ತಾರೆ. ಟೆಸ್ಟ್ ಮುಗಿಯುವ ಲಕ್ಷಣ ಕಾಣ್ತಿಲ್ಲ. ಮೊನ್ನೆ ಅಕ್ಕ ಫೋನ್ ಮಾಡಿ, ಕ್ಲಿನಿಕ್ಕಿಗೆ ಹೋಗೋಕೆ ನಿನ್ನ ಸ್ಕೂಟರ್ ಒಂದು ವಾರ ಕೊಡ್ತೀಯಾ ಅಂತ ಕೇಳಿದಳು.

ಕೊಡೋಕೆ ನನಗೇನೂ ಅಡ್ಡಿಯಿಲ್ಲ. ವಾಪಸ್ ಬರುವಾಗ ಅದಕ್ಕೆ ಏನೇನು ಸೇರಿಕೊಂಡಿರುತ್ತೋ?