ಎರಡನೇ ಚರಣ ಕೇಳದ ಸಂಪಾದಕ

ಬ್ರೂಸ್‌ಪೇಟೆಯ ಕ್ಯಾಸೆಟ್ ಅಂಗಡಿಯ ನಾಸಿರನಿಗೆ ಹಾಡಿನ ಹುಚ್ಚು ಎಂಥದ್ದೆಂದರೆ, ಕ್ಯಾಸೆಟ್ ಕೊಳ್ಳಲು ಬಂದ ಗಿರಾಕಿಯನ್ನು ಕೂರಿಸಿ, ಚಹಾ ಕುಡಿಸಿ, ಇಡೀ ಹಾಡು ಕೇಳಿಸಿ, ಕಡೆಗೆ ಬರಿಗೈಯಲ್ಲಿ ಕಳಿಸುತ್ತಿದ್ದ. ಇಂಥವನು ಪತ್ರಿಕೆ ಮಾಡದೆ ಬಿಡುತ್ತಾನೆಯೇ? ಸಿನಿಮಾ ಹಾಡು, ಮದುವೆಮನೆಯ ಆರ್ಕೆಸ್ಟ್ರಾ, ಊರೂರು ಸುತ್ತುವ ಗಾಯಕರು, ಇವರಿಗಾಗಿ ಹದಿನಾರು ಪುಟದ ಮಾಸಿಕ ಹೊರಟಿತು. ಹೆಸರು ‘ಎರಡನೇ ಚರಣ’. ಪಲ್ಲವಿಗೆ ಎಲ್ಲರೂ ಶಿಳ್ಳೆ ಹೊಡೆಯುತ್ತಾರೆ, ಮೊದಲ ಚರಣಕ್ಕೆ ತಲೆಯಾಡಿಸುತ್ತಾರೆ, ಆಮೇಲೆ ಪಕ್ಕದವರ ಜೊತೆ ಹರಟೆಗೆ ಕೂರುತ್ತಾರೆ. ಹಾಡುವವರ ದಮ್ಮು ತಿಳಿಯುವುದೇ ಆಗ ಎಂಬುದು ಅವನ ವಾದ. ಅದಕ್ಕೇ ಪತ್ರಿಕೆಗೆ ಒಂದೇ ಕಾನೂನು: ಎರಡನೇ ಚರಣ ಕೇಳದೆ ಯಾರ ಬಗ್ಗೆಯೂ ಬರೆಯುವಂತಿಲ್ಲ. ಪ್ರತಿ ಸಂಚಿಕೆಯ ಮೊದಲ ಪುಟದಲ್ಲೇ ಅದು ಅಚ್ಚಾಗುತ್ತಿತ್ತು.

ಅಷ್ಟರಲ್ಲಿ ಬಳ್ಳಾರಿಗೆ ಕಬ್ಬಿಣದ ಅದಿರಿನ ಕಾಲ ಬಂತು. ರಸ್ತೆ ತುಂಬ ಲಾರಿ, ಕೆಂಪು ಧೂಳು. ದಿಢೀರ್ ಸಾಹುಕಾರರ ಮನೆಯಲ್ಲಿ ಕೂಸಿನ ಹುಟ್ಟುಹಬ್ಬಕ್ಕೂ ಆರ್ಕೆಸ್ಟ್ರಾ! ಅಪಸ್ವರ ಬಂದು ಮರ್ಯಾದೆ ಹೋದೀತೆಂದು ಸಿಡಿ ಹಾಕಿ, ಗಾಯಕರಿಗೆ ಬರೀ ತುಟಿ ಆಡಿಸಲು ಹೇಳುತ್ತಿದ್ದರು. ನಾಸಿರನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಂಟೋನ್ಮೆಂಟಿನ ಅದಿರು ವ್ಯಾಪಾರಿಯೊಬ್ಬ, ಹಾಡುವ ಮಗನ ಫೋಟೊ ಹಾಕಿದರೆ ಮುಖಪುಟವನ್ನೇ ಬಣ್ಣದಲ್ಲಿ ಮಾಡಿಸಿಕೊಡುತ್ತೇನೆ ಎಂದಾಗ, “ನಿಮ್ಮ ಮಗ ಹಾಡಿದ್ದು ಎಲ್ಲೈತ್ರಿ? ಹಾಡಿದ್ದು ಸಿಡಿ” ಎಂದು ಎದ್ದು ಬಂದಿದ್ದ. ಅವನ ಮಾತನ್ನು ಊರು ನಂಬುತ್ತಿದ್ದುದು ಇದಕ್ಕೇ.

ಎರಡು ಸಾವಿರದ ಏಳರ ಬೇಸಿಗೆ. ಕುರುಗೋಡಿನಲ್ಲಿ ಒಂದು ಮದುವೆ, ಮಧ್ಯಾಹ್ನ ಆರ್ಕೆಸ್ಟ್ರಾ. ಸಿರುಗುಪ್ಪದ ಹೊನ್ನೂರಮ್ಮ ಹಾಡಲು ನಿಂತಳು. ಅಬ್ಬಾ, ಎಂಥ ಕಂಠ! ಒಂದು ಬಿರುಕಿಲ್ಲ, ಒಂದು ಏದುಸಿರಿಲ್ಲ. ಈ ಧೂಳಿನಲ್ಲಿ ಇಷ್ಟು ತಿಳಿಯಾಗಿ ಹಾಡಲು ಯಾರಿಂದ ಸಾಧ್ಯ? ಇದೂ ಸಿಡಿಯೇ ಎಂದು ನಾಸಿರ್ ತೀರ್ಮಾನಿಸಿಬಿಟ್ಟ. ಸಂಜೆಯೊಳಗೆ ಕೊನೆಯ ಪುಟ ಬೇಕೆಂದು ಪ್ರೆಸ್ಸಿನವನು ಬೇರೆ ಜೀವ ತಿಂದಿದ್ದ. ಮೊದಲ ಚರಣ ಮುಗಿಯುವಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು, ಇವನು ಓಡಿ ಹತ್ತಿದ. ಬಸ್ಸಿನಲ್ಲೇ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದ: ‘ಹೊನ್ನೂರಮ್ಮ ನಿಂತಿದ್ದರು, ಸಿಡಿ ಹಾಡಿತು.’

ಪತ್ರಿಕೆ ಹೊರಬಿದ್ದ ವಾರಕ್ಕೆ ಒಂದು ಕಾರ್ಡು ಬಂತು. ಓದುಗರ ಪತ್ರಗಳನ್ನು ಓದಿ ಹೇಳುತ್ತಿದ್ದವಳು ಹೆಂಡತಿ ಆಸ್ಫಿಯಾ. ಕುರುಗೋಡಿನಲ್ಲಿ ಹೊಲಿಗೆ ಕಲಿಸುವ ಗುರುಬಸಮ್ಮ ಬರೆದಿದ್ದಳು: ‘ಎರಡನೇ ಚರಣಕ್ಕ ಕರೆಂಟು ಹೋತು. ಮೈಕು ಸತ್ತಿತ್ತು. ಹೊನ್ನೂರಮ್ಮ ನಿಲ್ಲಸಲಿಲ್ಲ, ಕಡೀ ಸಾಲಿನ ತನಕ ಕೇಳಿಸಿತು. ಕರೆಂಟು ಇಲ್ಲದ ನಿಮ್ಮ ಸಿಡಿ ಹ್ಯಾಂಗ ಹಾಡ್ತು ಸ್ವಾಮಿ?’

ನಾಸಿರ್ ಕಾರ್ಡನ್ನು ಇಸಿದುಕೊಂಡು ತಾನೇ ಇನ್ನೊಮ್ಮೆ ಓದಿದ.

“ನಿಮ್ಮ ಕಾನೂನು ಊರಿಗೆಲ್ಲಾ ಐತಿ, ನಿಮಗ ಇಲ್ಲೇನು?” ಎಂದಳು ಆಸ್ಫಿಯಾ.

ಮರುದಿನವೇ ಸಿರುಗುಪ್ಪಕ್ಕೆ ಹೋದ. ಹೊನ್ನೂರಮ್ಮ ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಪತ್ರಿಕೆ ಓದಿದ ಆರ್ಕೆಸ್ಟ್ರಾದವರು ಅವಳನ್ನು ಕೈಬಿಟ್ಟಿದ್ದರು.

“ತಪ್ಪಾತವ್ವಾ. ನೀ ಬಂಗಾರದಂಗ ಹಾಡ್ತಿ ಅಂತ ಬರೀತೀನಿ.”

ಅವಳು ತಲೆ ಎತ್ತಲಿಲ್ಲ. “ತಪ್ಪಾತು ಅಂತ ಬರೀರಿ. ಚಂದ ಹಾಡ್ತೀನಿ ಅಂತ ಮಾತ್ರ ಬರೀಬ್ಯಾಡ್ರಿ. ನೀವು ಕೇಳೇ ಇಲ್ಲಲ್ಲ.”

ಎಂಥ ಏಟು! ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ನಾಸಿರ್ ತನ್ನ ತಪ್ಪನ್ನು, ಬಸ್ಸು ಹತ್ತಿದ್ದನ್ನೂ ಬಿಡದೆ, ಮೊದಲ ಪುಟದಲ್ಲಿ ಬರೆದ; ಗುರುಬಸಮ್ಮನ ಕಾರ್ಡನ್ನು ಹಾಗೆಯೇ ಅಚ್ಚು ಹಾಕಿದ. ಕೊನೆಯ ಅರ್ಧ ಪುಟದಲ್ಲಿ ‘ಹೊನ್ನೂರಮ್ಮ, ಸಿರುಗುಪ್ಪ. ಇನ್ನೂ ಕೇಳಿಲ್ಲ’ ಎಂದಷ್ಟೇ ಹಾಕಿ ಉಳಿದದ್ದನ್ನು ಖಾಲಿ ಬಿಟ್ಟ. ಮುಂದಿನ ತಿಂಗಳೂ ಅಷ್ಟೇ, ಅದರ ಮುಂದಿನ ತಿಂಗಳೂ ಅಷ್ಟೇ. ಸಂಪಾದಕರಿಗೆ ತಲೆ ಕೆಟ್ಟಿದೆ ಎಂದು ಪೇಟೆಯವರು ನಕ್ಕರು. ಆದರೆ ಅವಳನ್ನು ಯಾರೂ ಕರೆಯಲಿಲ್ಲ. ತಾನು ಒಂದು ಸಾಲಿನಲ್ಲಿ ಮುಚ್ಚಿಸಿದ ಬಾಯನ್ನು ಅರ್ಧ ಪುಟ ಬಿಟ್ಟುಕೊಟ್ಟರೂ ತೆರೆಸಲಾಗಲಿಲ್ಲವಲ್ಲ ಎಂದು ಅವನು ಒಳಗೊಳಗೇ ಬೇಯುತ್ತಿದ್ದ.

ಹನ್ನೊಂದು ಸಂಚಿಕೆ ಹೀಗೇ ಕಳೆದವು. ಆ ಖಾಲಿ ಪುಟ ನೋಡಿ ನೋಡಿ ಗುರುಬಸಮ್ಮನಿಗೇ ತಡೆಯಲಾಗಲಿಲ್ಲ. ಬಸುರಿ ಮಗಳ ಕುಬುಸದ ಕಾರ್ಯಕ್ಕೆ ಹೊನ್ನೂರಮ್ಮನನ್ನು ಹಾಡಲು ಕರೆಸಿದಳು, ನಾಸಿರನಿಗೂ ಕಾರ್ಡು ಹಾಕಿದಳು. ಅದೇ ಕುರುಗೋಡು, ಅದೇ ಮಧ್ಯಾಹ್ನದ ಹೊತ್ತು. ಅವನು ಮುಂದಿನ ಸಾಲಿನಲ್ಲೇ ಕೂತ. ಮೊದಲ ಚರಣ ಮುಗಿಯುವಾಗ ಆಚೆ ರಸ್ತೆಯಲ್ಲಿ ಬಳ್ಳಾರಿ ಬಸ್ಸು ಹಾರನ್ ಹೊಡೆಯಿತು. ಹೊನ್ನೂರಮ್ಮ ಹಾಡು ನಿಲ್ಲಿಸಿ ಮೈಕಿನಲ್ಲೇ ಕೂಗಿದಳು:

“ಸಂಪಾದಕ್ರಽ, ನಿಮ್ಮ ಬಸ್ಸು ಬಂತ್ ನೋಡ್ರಿ!”

ನೆರೆದವರೆಲ್ಲ ಘೊಳ್ಳೆಂದು ನಕ್ಕರು.

“ಹೋಗ್ಲಿ ಬಿಡವ್ವಾ,” ನಾಸಿರ್ ಕೂಗಿದ, “ನೀ ಹಾಡು!”

ಅವಳು ಮೈಕಿನವನಿಗೆ ಬಂದ್ ಮಾಡೆಂದು ಕೈಸನ್ನೆ ಮಾಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡನೇ ಚರಣ ಎತ್ತಿಕೊಂಡಳು. ನಾಸಿರ್ ಅಷ್ಟು ಜನರ ನಡುವೆ ನಾಚಿಕೆ ಬಿಟ್ಟು ಅತ್ತ.

ಮುಂದಿನ ಸಂಚಿಕೆಯ ಕೊನೆಯ ಅರ್ಧ ಪುಟದಲ್ಲಿ ಅದೇ ಹೆಸರು, ಅದೇ ಊರು. ಅದರ ಕೆಳಗೆ ಒಂದೇ ಮಾತು: ‘ಕೇಳಿದೆ.’