ಅಪ್ಪನ ಗಾಡಿಗೆ ಗಾಳಿಚೀಲ

ನಂಜನಗೂಡಿನಲ್ಲಿ ಕೆಲವರು ನನ್ನನ್ನು ಈಗಲೂ 'ಎಂಜಿನಿಯರ್ರೇ' ಎಂದು ಕರೆಯುತ್ತಾರೆ. ನಾನು ಓದಿದ್ದು ಬಿ.ಕಾಂ. ಕೆಲಸ ಮಾಡಿದ್ದು ಒಂದು ಕಾರ್ಖಾನೆಯ ಸ್ಟೋರಿನಲ್ಲಿ, ಕೇಳಿದವರಿಗೆ ನಟ್ಟು ಬೋಲ್ಟು ತೆಗೆದು ಕೊಡುವುದು. ಈ ಬಿರುದು ಬಂದದ್ದು ಒಂದು ಹಳೇ ಪಿಕಪ್ ಗಾಡಿಯ ದೆಸೆಯಿಂದ. ಕೊಟ್ಟವರೂ ಗೌರವದಿಂದ ಕೊಟ್ಟದ್ದಲ್ಲ.

ಗಾಡಿ ಅಪ್ಪನದು. ತೊಂಬತ್ತರ ದಶಕದ ಶುರುವಿನಲ್ಲಿ ಯಾವುದೋ ಹರಾಜಿನಲ್ಲಿ ಕೂಗಿ ತಂದಿದ್ದರು. ಉದ್ದ ಮೂಗು, ದುಂಡು ದೀಪ, ಹಿಂದೆ ಮರದ ಹಲಗೆಯ ತೊಟ್ಟಿ. ಮನೆಗೆ ಬಂದಾಗಲೇ ಅದಕ್ಕೆ ನನಗಿಂತ ಹೆಚ್ಚು ವಯಸ್ಸಾಗಿತ್ತು. ಅಪ್ಪ ಅದರಲ್ಲಿ ಬಾಳೆಗೊನೆ, ಟೊಮೇಟೊ, ಹಸುವಿನ ಬೂಸಾ, ಒಮ್ಮೊಮ್ಮೆ ಹಸುವನ್ನೇ ಸಾಗಿಸುತ್ತಿದ್ದರು. ಮುಂದಿನ ಸೀಟಿನಲ್ಲಿ ಕಿಟಕಿ ಪಕ್ಕ ಕೂರುವ ಹಕ್ಕು ತಂಗಿಯದು. ನಾನು ಹಿಂದೆ, ಗೊನೆಗಳ ಜೊತೆ. ಗಂಡುಮಗ ಗಟ್ಟಿಯಾಗಬೇಕು ಅನ್ನುವುದು ಅಪ್ಪನ ಸಿದ್ಧಾಂತ. ಗಟ್ಟಿಯಾದದ್ದು ನಾನು ಕೂರುವ ಭಾಗ ಮಾತ್ರ.

ಅದಕ್ಕೆ ಕಾರಣ ಗಾಡಿಯ ಕಮಾನು. ಚಕ್ರದ ಅಚ್ಚಿನ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರಲ್ಲ, ಅದು. ಗುಂಡಿಗೆ ಇಳಿದಾಗ ಅದು ಬಾಗಬೇಕು, ಮೇಲಿದ್ದವರನ್ನು ಕಾಪಾಡಬೇಕು. ನಮ್ಮದರಲ್ಲಿ ಪಟ್ಟಿಗಳೆಲ್ಲ ತುಕ್ಕು ಹಿಡಿದು ಒಂದೇ ತುಂಡಾಗಿದ್ದವು. ಬಾಗುವ ಮಾತೇ ಇರಲಿಲ್ಲ. ರಸ್ತೆಯಲ್ಲಿ ಬಿದ್ದ ಕಡಲೆಕಾಯಿ ಸಿಪ್ಪೆಯ ಮೇಲೆ ಹತ್ತಿದರೂ ಬೆನ್ನುಮೂಳೆಗೆ ಸುದ್ದಿ ಮುಟ್ಟುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಗಾಡಿ ನನ್ನ ಕೈಗೆ ಬಂತು. ತಂಗಿಯನ್ನು ತಿ. ನರಸೀಪುರದಾಚೆ ತಲಕಾಡಿನ ದಾರಿಯ ಒಂದು ಊರಿಗೆ ಕೊಟ್ಟಿದ್ದೆವು. ಮದುವೆಯಾದ ಮರುವರ್ಷ ಗೌರಿ ಹಬ್ಬಕ್ಕೆ ಅವಳನ್ನು ಕರೆತಂದದ್ದು ಇದೇ ಗಾಡಿಯಲ್ಲಿ. ಆಗ ಅವಳು ಬಸುರಿ, ಇನ್ನೂ ಎಳೆಯ ದಿನಗಳು. ಹಬ್ಬ ಮುಗಿಸಿ ವಾಪಸು ಬಿಟ್ಟು ಬಂದ ವಾರದೊಳಗೆ ಗರ್ಭ ಇಳಿದುಹೋಯಿತು. ಇಂಥದ್ದು ಎಷ್ಟೋ ಆಗುತ್ತವೆ, ಪ್ರಯಾಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಭಾವ ನಂಬಿದರು, ತಂಗಿ ನಂಬಿದಳು. ಅವಳ ಅತ್ತೆ ನಂಬಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ನಂಬಿಕೆ ಬರಲಿಲ್ಲ. ಆ ದಾರಿಯ ಗುಂಡಿಗಳು ಒಂದೊಂದಾಗಿ ನೆನಪಾಗುತ್ತಿದ್ದವು.

ಎರಡು ವರ್ಷದ ಮೇಲೆ ಮತ್ತೆ ಬಸುರಾದಳು, ಈ ಸಲ ನಿಂತಿತು. ಏಳನೇ ತಿಂಗಳಲ್ಲಿ ಹೂ ಮುಡಿಸಿ, ಬಳೆ ತೊಡಿಸಿ, ಚೊಚ್ಚಲು ಬಾಣಂತನಕ್ಕೆ ತವರಿಗೆ ಕರೆತರುವುದು ನಮ್ಮ ಕಡೆಯ ಪದ್ಧತಿ. ಎಂಟರಲ್ಲಿ ಕರೆಯುವಂತಿಲ್ಲ. ಒಂಬತ್ತರಲ್ಲಿ ಕಳಿಸುವ ಧೈರ್ಯ ಯಾರಿಗೂ ಇರುವುದಿಲ್ಲ. ಏಳು ತಪ್ಪಿದರೆ ತಪ್ಪಿದಂತೆಯೇ. ಅಷ್ಟರಲ್ಲಿ ಅತ್ತೆ ಹೇಳಿಕಳಿಸಿದರು: "ಈ ಸಲ ಬಾಣಂತನ ನಮ್ಮನೇಲೆ ಮಾಡ್ತೀವಿ. ಆ ಗಾಡಿಗಂತೂ ನನ್ನ ಸೊಸೆ ಕಾಲಿಡಕಿಲ್ಲ."

ತಂಗಿ ಆಸ್ಪತ್ರೆಗೆ ತೋರಿಸಿಕೊಳ್ಳಲು ನರಸೀಪುರಕ್ಕೆ ಬಂದವಳು ಬೂತಿನಿಂದ ನನ್ನ ಕಾರ್ಖಾನೆಗೆ ಫೋನ್ ಮಾಡಿದಳು. "ಅವ್ವನ ತಾವ ಬರ್ಬೇಕು ಕಣಣ್ಣ. ಓದ್ಸಲದಿಂದ ನಂಗೆ ಭಯ. ಅಪ್ಪನ ಗಾಡೀಲೇ ಬತ್ತೀನಿ, ಏನಾದ್ರೂ ಮಾಡು" ಎಂದು ಅತ್ತಳು.

ಬುದ್ಧಿ ನೆಟ್ಟಗಿದ್ದವನು ಏನು ಮಾಡಬೇಕೆಂದು ಅವ್ವ ಅವತ್ತೇ ಹೇಳಿದಳು. "ನಾಕು ಜನ ಮುತ್ತೈದೇರ ಕರ್ಕೊಂಡು, ಹೂವು ಹಣ್ಣು ತುಂಬ್ಕೊಂಡು ಓಗಿ ಕೇಳು. ಆವಾಗ್ಲೂ ಇಲ್ಲ ಅಂದಾರಾ? ಬರಿಗಾಡಿ ತಕ್ಕಂಡು ಒಬ್ನೇ ಓಗ್ಬೇಡ." ಅಪ್ಪ ಹೋದ ಮೇಲೆ ಅವ್ವ ಇಂಥ ಶಾಸ್ತ್ರಗಳಿಗೆ ತಾನು ಮುಂದೆ ನಿಲ್ಲುತ್ತಿರಲಿಲ್ಲ. ಹೇಳುವುದಷ್ಟೇ ಅವಳ ಕೆಲಸ, ಕೇಳಿಸಿಕೊಳ್ಳದೆ ಇರುವುದು ನನ್ನದು. ನನ್ನ ತಲೆಯಲ್ಲಿ ಆಗಲೇ ಬೇರೆ ಯೋಜನೆ ಮೊಳೆತಿತ್ತು.

ಅದಕ್ಕೆ ಸ್ವಲ್ಪ ಮುಂಚೆ ನಾನು ಮೈಸೂರಿನಿಂದ ಬೆಂಗಳೂರಿಗೆ ಹೊಸ ಬಗೆಯ ಲಕ್ಷುರಿ ಬಸ್ಸಿನಲ್ಲಿ ಹೋಗಿದ್ದೆ. ಗುಂಡಿ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಈ ಬಸ್ಸಿಗೆ ಕಮಾನು ಇಲ್ಲ, ಗಾಳಿ ತುಂಬಿದ ರಬ್ಬರ್ ಚೀಲದ ಮೇಲೆ ಕೂತಿದೆ ಎಂದು ಪಕ್ಕದವರು ಹೇಳಿದರು. ಅಂದಿನಿಂದ ನನಗೆ ಲೋಕದ ಎಲ್ಲ ಕಷ್ಟಕ್ಕೂ ಗಾಳಿಚೀಲವೇ ಪರಿಹಾರವಾಗಿ ಕಾಣತೊಡಗಿತು.

ಗುಂಡ್ಲುಪೇಟೆ ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಗೆಳೆಯ ಹೈಸ್ಕೂಲಿನಲ್ಲಿ ನನ್ನ ಜೊತೆಗೇ ಫೇಲಾದವನು. ಅವನನ್ನು ಕೇಳಿದೆ.

"ಬಸ್ಸಿಗೆ ಆಯ್ತದೆ ಅಂದ್ಮೇಲೆ ಪಿಕಪ್‌ಗೆ ಆಗಕಿಲ್ವೇನ್ಲಾ? ಬಸ್ಸೇ ದೊಡ್ದು" ಎಂದ.

ಈ ತರ್ಕ ನನಗೆ ಕಲ್ಲಿನಲ್ಲಿ ಕೊರೆದಷ್ಟು ಗಟ್ಟಿಯಾಗಿ ಕಂಡಿತು. ಅವನೂ ಗಾಳಿಚೀಲ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಹಾಗಾಗಿ ಇಬ್ಬರಿಗೂ ಒಂದು ಚೂರೂ ಅನುಮಾನ ಬರಲಿಲ್ಲ. ಮೈಸೂರಿನ ಗುಜರಿಯಲ್ಲಿ, ಎಲ್ಲೋ ಮಗುಚಿದ ಬಸ್ಸಿನಿಂದ ಬಿಚ್ಚಿದ ಎರಡು ಚೀಲ ಸಿಕ್ಕವು. ಕಪ್ಪಗೆ, ದಪ್ಪಗೆ, ಯಾರೋ ಮೇಲೆ ಕೂತು ಅಮುಕಿದ ಕುಂಬಳಕಾಯಿಯ ಹಾಗಿದ್ದವು. ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ತಂದೆ. ಕಂಡಕ್ಟರು ಏನದು ಎಂದು ಕೇಳಿದ್ದೇ ತಪ್ಪಾಯಿತು. ನಂಜನಗೂಡು ಬರುವವರೆಗೂ ವಿವರಿಸಿದೆ.

ಗಾಡಿಯ ಹಿಂಭಾಗವನ್ನು ಜಾಕಿಯ ಮೇಲೆ ಎತ್ತಿ ನಿಲ್ಲಿಸಿದೆವು. ಕಮಾನಿನ ಪಟ್ಟಿಗಳನ್ನು ಬಿಚ್ಚಿ, ಅಚ್ಚು ಜಾರದಂತೆ ಹಿಡಿಯಲು ಉದ್ದದ ಒಂದನ್ನು ಮಾತ್ರ ಬಿಟ್ಟೆವು. ಅಚ್ಚಿಗೊಂದು ತಗಡು, ಮೇಲೆ ಗಾಡಿಯ ಚೌಕಟ್ಟಿಗೊಂದು ತಗಡು ವೆಲ್ಡ್ ಮಾಡಿ, ಎರಡರ ನಡುವೆ ಆ ಕಡೆಗೊಂದು ಈ ಕಡೆಗೊಂದು ಚೀಲ ಕೂರಿಸಿದೆವು. ಬಸ್ಸಿನಲ್ಲಾದರೆ ಗಾಳಿ ತುಂಬಲು ಎಂಜಿನ್ನಿನ ಜೊತೆಗೇ ಯಂತ್ರವಿರುತ್ತದಂತೆ. ನಮಗೆ ಸೈಕಲ್ಲಿಗೆ ಹೊಡೆಯುವ ಕಾಲಿನ ಪಂಪು. ಗೆಳೆಯ ತುಳಿದ, ನಾನು ತುಳಿದೆ, ಚಹಾ ಕುಡಿಯಲು ಬಂದವರೂ ತುಳಿದರು. ಗಾಡಿಯ ಹಿಂಭಾಗ ಮಲಗಿದ್ದ ಎಮ್ಮೆ ಏಳುವ ಹಾಗೆ ಮೆಲ್ಲಗೆ ಎದ್ದಿತು. ನನಗೆ ಅವತ್ತಿನಷ್ಟು ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ. ನೆರೆದವರಿಗೆ ಗಾಳಿಯ ಗುಣಧರ್ಮದ ಬಗ್ಗೆ ಒಂದು ಭಾಷಣ ಮಾಡಿದೆ. 'ಎಂಜಿನಿಯರ್' ಹುಟ್ಟಿದ್ದು ಅಲ್ಲೇ.

ಪರೀಕ್ಷೆಗೆ ಹೊರಟಾಗ ಗ್ಯಾರೇಜಿನ ಮುಂದಿದ್ದವರೆಲ್ಲ ಹಿಂದಿನ ತೊಟ್ಟಿಗೆ ಹತ್ತಿದರು. ಊರು ಸುತ್ತಿದೆವು. ರೈಲ್ವೆ ಗೇಟಿನ ಹಳಿ ದಾಟಿದ್ದೇ ತಿಳಿಯಲಿಲ್ಲ. ಮರುದಿನವೇ, ಅವ್ವ ಕೂಗುತ್ತಿದ್ದರೂ ಕೇಳದೆ, ಪಂಪನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಒಬ್ಬನೇ ನರಸೀಪುರದ ದಾರಿ ಹಿಡಿದೆ.

ಊರ ಗಡಿ ದಾಟಿದ ಮೇಲೆ ಗಾಡಿಗೆ ದೆವ್ವ ಹಿಡಿಯಿತು. ಸಣ್ಣ ಉಬ್ಬಿಗೂ ಹಿಂಭಾಗ ಚೆಂಡಿನ ಹಾಗೆ ಪುಟಿಯುತ್ತಿತ್ತು. ಗಾಳಿ ಜಾಸ್ತಿಯಾಯಿತೆಂದು ಇಳಿದು ಬಿಟ್ಟೆ. ಚೀಲ ಮುದುಡಿ ತಗಡಿಗೆ ತಗಡು ಬಡಿಯಿತು. ಮತ್ತೆ ತುಳಿದೆ, ಮತ್ತೆ ಪುಟಿಯಿತು. ಹೀಗೆ ತುಂಬುತ್ತಾ ಬಿಡುತ್ತಾ ಬೀಗರ ಬಾಗಿಲಿಗೆ ಬರುವಾಗ ನಾನೇ ಬಸುರಿಗಿಂತ ಹೆಚ್ಚು ಏದುಸಿರು ಬಿಡುತ್ತಿದ್ದೆ. ದಾರಿ ಸರಿಯಿಲ್ಲ, ಅಷ್ಟೇ ಎಂದು ಸಮಾಧಾನ ಮಾಡಿಕೊಂಡೆ.

ಅತ್ತೆ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ದೊಡ್ಡ ಆಳು, ಕಮ್ಮಿ ಮಾತು. ನಾನು ಗಾಳಿಚೀಲದ ವಿಚಾರ ಪೂರ್ತಿ ಹೇಳಿ ಮುಗಿಸುವವರೆಗೂ ಸುಲಿಯುತ್ತಲೇ ಇದ್ದರು. ಆಮೇಲೆ ಒಳಗೆ ಹೋಗಿ ಹಿತ್ತಾಳೆ ಚೊಂಬಿನಲ್ಲಿ ಬಾಯಿಮಟ್ಟ ನೀರು ತಂದರು.

"ಇದ ಇಡ್ಕೊಂಡು ಮುಂದೆ ಕೂತ್ಕತೀನಿ. ಊರಾಚೆ ಅರಳೀಮರದ ಗಂಟ ಓಡ್ಸು. ತುಳುಕ್ನಿಲ್ಲ ಅಂದ್ರೆ ಸೊಸೆ ಕಳಿಸ್ತೀನಿ."

ಮೋರಿಯ ಹತ್ತಿರ ಮೊದಲನೇ ಉಬ್ಬು ಬಂತು. ಚೊಂಬಿನ ಕಾಲುಭಾಗ ಗಾಜಿಗೆ ಹೊಡೆಯಿತು. ಎರಡನೆಯದಕ್ಕೆ ಅವರ ಸೆರಗು ಒದ್ದೆಯಾಯಿತು, ಮೂರನೆಯದಕ್ಕೆ ನನ್ನ ಪ್ಯಾಂಟು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುವ ಗಾದೆ ಕಟ್ಟಿದವರು ನನ್ನ ಗಾಡಿ ಹತ್ತಿರಲಿಲ್ಲ. ಅರಳೀಮರದ ಹತ್ತಿರ ಅತ್ತೆ ಇಳಿದು, ತಳದಲ್ಲಿ ಉಳಿದಿದ್ದ ಹನಿಯನ್ನು ಮರದ ಬುಡಕ್ಕೆ ಸುರಿದು, "ನಾನು ನಡ್ಕಂಡು ಬತ್ತೀನಿ, ನೀ ಓಗಪ್ಪ" ಎಂದರು.

ಹೇಳಿಬರಲು ಮನೆಯ ಮುಂದೆ ನಿಲ್ಲಿಸಿದೆ. ತಂಗಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನನ್ನ ಒದ್ದೆ ಪ್ಯಾಂಟು ನೋಡಿ ನಗುತ್ತಿದ್ದಾಳೆ ಅಂದುಕೊಂಡೆ. ಹತ್ತಿರ ಹೋದಾಗ ಅಳುತ್ತಿದ್ದಳು. "ಇನ್ನೊಂಚೂರು ರಿಪೇರಿ ಇದೆ" ಎಂದು ಬಂದುಬಿಟ್ಟೆ. ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು.

ವಾಪಸು ಬರುವಾಗ ಬಿಳಿಗೆರೆ ಕಡೆಯ ಹೆಂಗಸರ ಗುಂಪೊಂದು ನಾಟಿ ಕೆಲಸ ಮುಗಿಸಿ ಬಸ್ಸು ತಪ್ಪಿಸಿಕೊಂಡು ರಸ್ತೆಯಲ್ಲಿ ಕೈ ಅಡ್ಡ ಹಾಕಿತು. ಹತ್ತಿಸಿಕೊಂಡೆ. ಸ್ವಲ್ಪ ದೂರ ಹೋದ ಮೇಲೆ ಗಾಡಿ ಸದ್ದೇ ಮಾಡುತ್ತಿಲ್ಲ ಅನ್ನಿಸಿತು. ಬೇಕೆಂದೇ ಒಂದು ಗುಂಡಿಗೆ ಇಳಿಸಿದೆ. ಮೆಲ್ಲಗೆ ಇಳಿದು ಮೆಲ್ಲಗೆ ಹತ್ತಿತು. ನಿಲ್ಲಿಸಿ, ಕೆಳಗೆ ತೂರಿ ನೋಡಿದೆ. ಚೀಲ ಹದವಾಗಿ ಕೂತಿತ್ತು.

"ಒಂಚೂರು ಎಲ್ಲಾರೂ ಇಳೀರಿ" ಎಂದೆ. ಇಳಿದರು. ಚೀಲ ಮೇಲೆದ್ದಿತು. "ಮತ್ತೆ ಹತ್ತಿ" ಎಂದೆ. ಹತ್ತಿದರು. "ಇನ್ನೊಂದ್ಸಲ ಇಳೀರಿ" ಎಂದಾಗ ಅವರಲ್ಲಿ ಹಿರಿಯಳು ಕೇಳಿದಳು: "ಯಾಕ್ ಸಾ, ಮನೇಲಿ ಏನಾದ್ರೂ ಜಗಳ ಆಯ್ತಾ?"

ನಲವತ್ತು ಜನರ ಬಸ್ಸನ್ನು ಹೊರುವ ಚೀಲಕ್ಕೆ ನಾನೊಬ್ಬ ಮತ್ತು ಒಂದು ಕಾಲಿನ ಪಂಪು ಯಾವ ಲೆಕ್ಕ. ಅದಕ್ಕೆ ಬೇಕಿದ್ದದ್ದು ಭಾರ.

ಮನೆಗೆ ಬಂದು, ಹಿಂದೆ ಕೂರಲು ಹೆಂಗಸರು ಬೇಕು ಎಂದು ಅವ್ವನಿಗೆ ಹೇಳಿದೆ. "ಅದನ್ನೇ ಅಲ್ವೇನೋ ನಾನು ಮೊದ್ಲಿಂದ ಬಡ್ಕೊಂಡದ್ದು?" ಎಂದಳು. ನಾನು ಭಾರದ ಬಗ್ಗೆ ವಿವರಿಸಲು ಹೋದೆ. ಅವಳು ಅಡುಗೆಮನೆಗೆ ಎದ್ದು ಹೋದಳು.

ಏಳು ತಿಂಗಳು ಮುಗಿಯುವ ಮುಂಚಿನ ಒಂದು ಬುಧವಾರ ಹೊರಟೆವು. ದೊಡ್ಡಮ್ಮ, ಸೋದರತ್ತೆ, ನನ್ನ ಹೆಂಡತಿ, ಬೀದಿಯ ಮುತ್ತೈದೆಯರು, ಹೂವಿನ ಬುಟ್ಟಿ, ಬಳೆ ಮಲಾರ, ರಸಬಾಳೆ ಗೊನೆ, ತಂಬಿಟ್ಟಿನ ಡಬ್ಬ. ಯಾರು ಎಲ್ಲಿ ಕೂರಬೇಕೆಂದು ತೂಕ ನೋಡಿ ನಾನೇ ಕೂರಿಸಿದೆ. "ಶಾಸ್ತ್ರಕ್ಕೆ ಕರ್ಕೊಂಡು ಓಯ್ತಿದ್ದೀಯೋ, ಮಂಡಿಗೆ ಆಕ್ತಿದ್ದೀಯೋ?" ಎಂದು ದೊಡ್ಡಮ್ಮ ಬೈದರು. ದಾರಿಯುದ್ದಕ್ಕೂ ಗಾಡಿ ಸಾಧು ಹಸುವಿನ ಹಾಗೆ ನಡೆಯಿತು.

ಹೆಂಗಸರು ಸೋಬಾನೆ ಹೇಳುತ್ತಾ ಇಳಿಯುವಾಗ ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡುತ್ತಲೇ ಇದ್ದರು. ನಾನು ಓಡಿಹೋಗಿ, "ಅತ್ತೆ, ಚೊಂಬು ತನ್ನಿ, ಈಗ ನೋಡಿ" ಎಂದೆ.

"ಚೊಂಬು ಯಾಕಪ್ಪ ಈಗ. ಬಂದೋರಿಗೆ ಮೊದ್ಲು ಮಜ್ಜಿಗೆ ಕೊಡ್ತೀನಿ" ಎಂದು ಒಳಗೆ ಹೋದರು.

ಹೂ ಮುಡಿಸಿದ್ದಾಯಿತು, ಬಳೆ ತೊಡಿಸಿದ್ದಾಯಿತು. ನಾನು ಮಾತ್ರ ಗಾಡಿಯ ಕೆಳಗೆ ಮಲಗಿ ಚೀಲ ತಡವುತ್ತಿದ್ದೆ. ಪಕ್ಕದಲ್ಲಿ ಎರಡು ಪಾದ ಬಂದು ನಿಂತವು. ಅತ್ತೆ ಕುಕ್ಕುರುಗಾಲಲ್ಲಿ ಕೂತು, ಚಕ್ರದ ಜೊತೆ ಮಾತಾಡುವವರ ಹಾಗೆ ಹೇಳಿದರು:

"ನನ್ನ ಮೂರು ಬಾಣಂತನಾನೂ ಈ ಮನೇಲೇ ಆಯ್ತು ಕಣಪ್ಪ. ತವರು ಅಂತ ಒಂದು ಗಾಡಿ ಈ ಬಾಗ್ಲಿಗೆ ಬರ್ನಿಲ್ಲ. ಈ ಮಗೀನಾದ್ರೂ ಉಳಿಸ್ಕೋಬೇಕು ಅಂತ ಭಯಾನೂ ಇತ್ತು, ಸುಳ್ಳೇಳಕಿಲ್ಲ. ಆದ್ರೆ ನೀನು ಓದ್ಸಲ ಬರಿಗಾಡೀಲಿ ಒಬ್ನೇ ಬಂದು ಗಾಳಿ ವಿಚಾರ ಏಳ್ದೆ. ಒಂದು ಮೊಳ ಹೂವ ಇರ್ನಿಲ್ಲ ಕೈಲಿ. ನನ್ನ ಸೊಸೆ ಅಂಗೆ ಓಗ್ಬಾರ್ದು ಅನ್ನುಸ್ತು."

ಮುಖಕ್ಕೆ ಗ್ರೀಸು ಮೆತ್ತಿಕೊಂಡು ಮಲಗಿದ್ದವನಿಗೆ ಹೊಳೆದದ್ದು ಇಷ್ಟೇ: "ನೀವೂ ಬನ್ನಿ ಅತ್ತೆ, ಗಾಡಿಗೆ ತೂಕ ಆಯ್ತದೆ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಎದ್ದು ಒಳಗೆ ಹೋದರು. ಕೆಲಸ ಕೆಟ್ಟಿತು ಅಂದುಕೊಂಡೆ. ಸೀರೆ ಬದಲಿಸಿ, ಕೈಯಲ್ಲಿ ಆ ಚೊಂಬು ಹಿಡಿದು, ಬಾಯಿಮಟ್ಟ ನೀರು ತುಂಬಿಕೊಂಡು ಬಂದರು.

ಮುಂದಿನ ಸೀಟಿನಲ್ಲಿ ನಾನು, ನಡುವೆ ಅವರು, ಕಿಟಕಿ ಪಕ್ಕ ತಂಗಿ. ಅದು ಅವಳ ಹಳೇ ಜಾಗ. ದಾರಿಯಲ್ಲಿ ಅವಳಿಗೆ ನಿದ್ದೆ ಹತ್ತಿತು. ಈಗ ಸ್ಕೂಟರಿನಲ್ಲಿ ಬಂದು 'ಮಾವ, ನಿಧಾನಕ್ಕೆ ಓಡ್ಸು' ಎಂದು ನನಗೇ ಬುದ್ಧಿ ಹೇಳುವ ತಂಗಿಯ ಮಗಳು ಅವತ್ತು ಆ ಹೊಟ್ಟೆಯಲ್ಲಿ ಸುಮ್ಮನೆ ಮಲಗಿದ್ದಳಂತೆ. ನಾನು ರಸ್ತೆ ಬಿಟ್ಟು ಬೇರೆ ಕಡೆ ಕಣ್ಣು ತಿರುಗಿಸಲಿಲ್ಲ. ಹೆಮ್ಮರಗಾಲದ ಕಡೆ ಒಂದು ದೊಡ್ಡ ಗುಂಡಿಯನ್ನು ತಪ್ಪಿಸಲಾಗದೆ ಇಳಿಸಿದೆ, ಗಾಡಿ ಒಂದು ಸಲ ಜೋರಾಗಿಯೇ ಕುಣಿಯಿತು. ಪಕ್ಕದಿಂದ ನೀರು ಚೆಲ್ಲಿದ ಸದ್ದು ಬರಲಿಲ್ಲ.

ನಂಜನಗೂಡಿನಲ್ಲಿ ಪಕ್ಕದ ಮನೆಯವರು ಆರತಿ ಎತ್ತಿ ತಂಗಿಯನ್ನು ಒಳಗೆ ಕರೆದರು. ಅವ್ವ ಬಾಗಿಲ ಹಿಂದೆ ನಿಂತಿದ್ದಳು. ಅತ್ತೆ ನೇರ ಅವಳ ಹತ್ತಿರ ಹೋಗಿ ಚೊಂಬು ಕೈಗಿಟ್ಟರು. ನೀರು ಬಾಯಿಮಟ್ಟ ಹಾಗೇ ಇತ್ತು.

"ನೋಡವ್ವ, ನಿನ್ ಮಗನ ಗಾಡೀಲಿ ಒಂದನಿ ತುಳುಕ್ನಿಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು.

ನೋಡಲು ಬಂದಿದ್ದ ಗ್ಯಾರೇಜಿನ ಗೆಳೆಯ ನನ್ನ ಬೆನ್ನು ತಟ್ಟಿದ. ನಾನೂ ಎದೆಯುಬ್ಬಿಸಿ ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಬಲಗೈಯನ್ನು ಸೆರಗಿಗೆ ಒರೆಸಿಕೊಳ್ಳುವುದು ಕಾಣಿಸಿತು. ಅಂಗೈ ಬೆಳ್ಳಗಾಗಿ, ಬಹಳ ಹೊತ್ತು ನೀರಲ್ಲಿಟ್ಟ ಹಾಗೆ ಸುಕ್ಕುಗಟ್ಟಿತ್ತು, ನಡುವೆ ಚೊಂಬಿನ ಬಾಯಿಯ ದುಂಡು ಗೆರೆ ಒತ್ತಿಕೊಂಡಿತ್ತು. ದಾರಿಯುದ್ದಕ್ಕೂ ಅದನ್ನು ಕೈಯಿಂದ ಮುಚ್ಚಿ ಹಿಡಿದು ಕೂತಿದ್ದರು.